ಹೊಗೆಕೊಳವೆಯ ಕಾವಲುಗಾರ

ಬೆಂಗಳೂರಿನ ಜಾಲಹಳ್ಳಿಯು ಯಂತ್ರಗಳನ್ನು ಬಲ್ಲ ಊರು. ಎಚ್.ಎಂ.ಟಿ. 1953ರಲ್ಲಿಯೂ ಬಿ.ಇ.ಎಲ್. 1954ರಲ್ಲಿಯೂ ಇಲ್ಲಿ ಸ್ಥಾಪಿತವಾದವು. ಒಂದು ಭಾಗದ ಅಳತೆ ತಪ್ಪಿದರೆ ಯಂತ್ರವೆಲ್ಲ ಕೆಡುತ್ತದೆಂಬುದು ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ತಿಳಿದ ಮಾತು. ಮೋಟಾರ್ ಸೈಕಲ್ಲಿಗೂ ಇದೇ ನಿಯಮ. ಆದರೂ ಕೆಲವು ತರುಣರು ಹೆಚ್ಚಿನ ವೇಗ ಹಾಗೂ ಅಬ್ಬರದ ಆಸೆಯಿಂದ ಹೊಗೆಕೊಳವೆಯಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸಿಹಾಕುತ್ತಾರೆ. ಇದು ಸರಿಯೆ?

ಜೇನುಗೂಡಿನಂತಿರುವ ಈ ಸಾಧನದ ಗೋಡೆಗಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮುಂತಾದ ಲೋಹಗಳ ಲೇಪವಿರುತ್ತದೆ. ಇವು ವಿಷಾನಿಲವಾದ ಇಂಗಾಲದ ಮೊನಾಕ್ಸೈಡನ್ನು ಇಂಗಾಲದ ಡೈಆಕ್ಸೈಡನ್ನಾಗಿಯೂ, ಸಾರಜನಕದ ಆಕ್ಸೈಡುಗಳನ್ನು ಸಾರಜನಕವನ್ನಾಗಿಯೂ ಮಾರ್ಪಡಿಸುತ್ತವೆ.

ಎಂಜಿನ್ನಿನ ಹದವೂ ಇದಕ್ಕೆ ಹೊಂದಿಕೊಂಡಿದೆ. ಒಂದು ಪಾಲು ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಬಂದ ವಾಹನಗಳಲ್ಲಿ ಆಮ್ಲಜನಕದ ಸಂವೇದಕವು ಹೊಗೆಯನ್ನು ಪರೀಕ್ಷಿಸಿ, ಇಂಧನದ ಪ್ರಮಾಣವನ್ನು ತಿದ್ದಲು ನೆರವಾಗುತ್ತದೆ. ಕನ್ವರ್ಟರು ಹೋದರೆ ಹೊಗೆಯ ಹರಿವು ಬದಲಾಗಿ, ಇಂಧನ ಸಾಲದೆ ಎಂಜಿನ್ನು ಅತಿಯಾಗಿ ಕಾಯಬಹುದು. ಹದವನ್ನು ಮತ್ತೆ ತಿದ್ದಿಕೊಳ್ಳಬಹುದೆಂದು ವಾದಿಸುವವರುಂಟು. ಅದು ನಿಜವೇ. ಆದರೆ ಆ ತಿದ್ದುಪಡಿಯಿಂದ ಹೊಗೆಯ ವಿಷ ಕಳೆಯದು.

ಸವಾರನು ಹೊಗೆಯನ್ನು ಹಿಂದೆ ಬಿಟ್ಟು ಮುಂದೆ ಸಾಗುತ್ತಾನೆ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುವವರು, ಪೀಣ್ಯದ ಕಾರ್ಖಾನೆಗಳಿಗೆ ನಡೆದು ಹೋಗುವವರು ಅದನ್ನು ಉಸಿರಾಡಬೇಕಾಗುತ್ತದೆ. ಮಾಲಿನ್ಯದ ಮಿತಿ ಮೀರಿದ ವಾಹನವನ್ನು ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯಂತೆ ದಂಡಾರ್ಹವಾಗಿದೆ. ದಂಡದ ಭಯವಿಲ್ಲದೆಡೆಯಲ್ಲಿಯೂ ನೆರೆಯವರ ಉಸಿರನ್ನು ಕಾಯುವುದು ನಾಗರಿಕನ ಧರ್ಮ.