ದಣಿದ ಕೈಗಳಿಂದ ಶುಶ್ರೂಷೆ ಸಾಧ್ಯವೇ?

ಆಸ್ಪತ್ರೆಯ ಕಟ್ಟಡ ಎಷ್ಟೇ ಭವ್ಯವಾಗಿದ್ದರೂ ನಡುರಾತ್ರಿಯಲ್ಲಿ ರೋಗಿ ನರಳಿದಾಗ ಓಡಿ ಬರುವವರು ದಾದಿಯರು. 2020ರ ಕೊರೋನಾ ದಿನಗಳಲ್ಲಿ ದೇಶವು ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿತು. ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ಗಳು ಹೂಮಳೆಗರೆದವು. ಆ ಚಪ್ಪಾಳೆಯ ಸದ್ದು ಎಂದೋ ಅಡಗಿದೆ. ದಾದಿಯರ ಬವಣೆ ಮಾತ್ರ ಹಾಗೆಯೇ ಉಳಿದಿದೆ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಬೇಕು; ತೀವ್ರ ನಿಗಾ ಘಟಕದಲ್ಲಾದರೆ ಒಬ್ಬರಿಗೆ ಒಬ್ಬರು. ಆದರೆ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನಿಭಾಯಿಸುವ ದಾದಿಯನ್ನು ನಾವೆಲ್ಲರೂ ಕಂಡಿದ್ದೇವೆ. ದಣಿದವರು ಕೆಲಸ ತೊರೆಯುತ್ತಾರೆ. ಅವರ ಹೊರೆ ಉಳಿದವರ ಹೆಗಲೇರುತ್ತದೆ. ಕೆಲಕಾಲದಲ್ಲೇ ಅವರೂ ಗಲ್ಫ್‌ಗೋ ಬ್ರಿಟನ್‌ಗೋ ಹೊರಡುತ್ತಾರೆ. ಅವರೊಂದಿಗೆ ಹೋಗುವುದು ವರ್ಷಗಳ ಅನುಭವ. ಅದರ ನಷ್ಟ ಅನುಭವಿಸುವವನು ಬಡ ರೋಗಿ.

ಇದಕ್ಕೆ ಪರಿಹಾರ ಗೊತ್ತಿಲ್ಲವೆಂದಲ್ಲ. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು. ಇನ್ನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ಸರಕಾರಿ ದಾದಿಯರಿಗೆ ಸಮನಾದ ವೇತನ ನೀಡಬೇಕು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಾಗಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ನೆರೆಯ ಕೇರಳದಲ್ಲಿ ದಾದಿಯರು ಬೀದಿಗಿಳಿದು ಹೋರಾಡಿದ ಬಳಿಕ, 2018ರ ಏಪ್ರಿಲ್‌ನಲ್ಲಿ, ಸರಕಾರವು 20,000 ರೂಪಾಯಿ ಮೂಲವೇತನದ ಅಧಿಸೂಚನೆ ಹೊರಡಿಸಿತು. ಅಂದರೆ ಇಲ್ಲಿ ಕೊರತೆ ಇರುವುದು ದಾರಿಯದ್ದಲ್ಲ, ಇಚ್ಛಾಶಕ್ತಿಯದ್ದು.

ಸರಕಾರವನ್ನು ದೂರುವುದು ಸುಲಭ. ನಮ್ಮ ಅಂಗಳವೂ ಶುಚಿಯಾಗಿದೆಯೇ? ಸಮುದಾಯದ ಹೆಸರಿನಲ್ಲಿ ದೇಣಿಗೆ ಪಡೆದು ನಡೆಯುವ ಆಸ್ಪತ್ರೆಗಳ ಆಡಳಿತ ಮಂಡಳಿಗಳು ತಮ್ಮ ದಾದಿಯರಿಗೆ ಕೊಡುವ ಸಂಬಳವೆಷ್ಟು, ದುಡಿಸಿಕೊಳ್ಳುವ ಗಂಟೆಗಳೆಷ್ಟು? ಮೂಲ ಪ್ರಮಾಣಪತ್ರಗಳನ್ನು ತಡೆಹಿಡಿದು ಅವರನ್ನು ಕಟ್ಟಿಹಾಕುವ ಪದ್ಧತಿಯನ್ನು ಸೇವೆಯೆಂದು ಕರೆಯಲಾದೀತೇ? ನಿಯಮ ಮೀರಿ ವಾರ್ಡಿಗೆ ನುಗ್ಗಿ, ಕ್ಷಣ ತಡವಾದರೆ ದಾದಿಯ ಮೇಲೆ ಹರಿಹಾಯುವ ಬಂಧುಗಳಲ್ಲಿ ನಾವೂ ಇಲ್ಲವೇ?

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಶುಶ್ರೂಷೆಗಾಗಿ ರುಫೈದಾ(ರ)ರ ಡೇರೆಗೆ ಒಪ್ಪಿಸಲಾಗಿತ್ತು. ಆ ಡೇರೆಗೆ ಮಸೀದಿಯ ಆವರಣದಲ್ಲೇ ಜಾಗವಿತ್ತು ಎಂಬುದು ಶುಶ್ರೂಷೆಗೆ ಇಸ್ಲಾಮ್ ನೀಡಿದ ಗೌರವಕ್ಕೆ ಸಾಕ್ಷಿ. ಕೆಲಸದವರ ಮೇಲೆ ಶಕ್ತಿ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ತಾವೇ ಹೆಗಲು ಕೊಡಬೇಕು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಕೂಲಿಯನ್ನು ವಿಳಂಬಿಸುವುದನ್ನೂ ಅವರು ಸಹಿಸಲಿಲ್ಲ.

ಆದ್ದರಿಂದ ಕರ್ನಾಟಕ ಸರಕಾರವು ಸಮಿತಿಯ ಶಿಫಾರಸುಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಪೂರ್ಣವಾಗಿ ಜಾರಿಗೊಳಿಸಲಿ, ಸರಕಾರಿ ಆಸ್ಪತ್ರೆಗಳ ಖಾಲಿ ಹುದ್ದೆಗಳನ್ನು ಖಾಯಂ ನೇಮಕಾತಿಯಿಂದ ತುಂಬಲಿ. ಅದಕ್ಕೂ ಮೊದಲು ಸಮುದಾಯದ ಆಸ್ಪತ್ರೆಗಳು ಮಾದರಿಯಾಗಲಿ. ನಮ್ಮ ಮನೆಗಳ ಹೆಣ್ಣುಮಕ್ಕಳೂ ಇಂದು ಈ ವೃತ್ತಿಗೆ ಕಾಲಿಡುತ್ತಿದ್ದಾರೆ. ಅವರಿಗೆ ನಾವು ಬಯಸುವ ನ್ಯಾಯವನ್ನು ಅನ್ಯರ ಮಗಳಿಗೂ ಕೊಡಬೇಕಾದುದು ನಮ್ಮ ಧರ್ಮ. ರೋಗಿಯ ಮೇಲಿನ ಕರುಣೆ ಅವನ ಆರೈಕೆ ಮಾಡುವವಳನ್ನು ತಲುಪದಿದ್ದರೆ ಅದು ಅಪೂರ್ಣ.