ಬಾಡಿಗೆ ರೈಡರ್‌ಗೆ ರೊಕ್ಕ, ಊರ ಹುಡುಗನಿಗೆ ಬರೀ ಚಪ್ಪಾಳೆ

ಜಾತ್ರೆ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಕಡೆ ವಾಟ್ಸಾಪ್ ತುಂಬಾ ಕಬಡ್ಡಿ ಪಂದ್ಯಾವಳಿಯ ಕರಪತ್ರಗಳು. ಮೊದಲ ಬಹುಮಾನ ಇಷ್ಟು, ಎರಡನೆಯದು ಇಷ್ಟು, ಪ್ರವೇಶ ಶುಲ್ಕ ಇಷ್ಟು. ಕೊಟ್ಟವರ ಫೋಟೊ ದೊಡ್ಡದಾಗಿ ಮೇಲೆ. ಒಂದು ಲೆಕ್ಕ ಮಾತ್ರ ಆ ಕರಪತ್ರದಲ್ಲಿ ಇರುವುದಿಲ್ಲ. ಯಾವ ಊರಿನ ತಂಡ ಹೊರಗಿನಿಂದ ಎಷ್ಟು ಆಟಗಾರರನ್ನು ಕರೆಸಿತು, ಅವರಿಗೆ ಎಷ್ಟು ಕೊಟ್ಟಿತು ಅನ್ನುವ ಲೆಕ್ಕ.

ಅಂಗಿಯ ಬೆನ್ನ ಮೇಲೆ ಊರ ಹೆಸರು ಇರುತ್ತದೆ. ಅಂಗಿ ತೊಟ್ಟ ಏಳು ಜನರಲ್ಲಿ ಆ ಊರಿನ ನೀರು ಕುಡಿದವರು ಇಬ್ಬರೋ ಮೂವರೋ. ಈ ವಾರ ಒಂದು ಊರಿಗೆ ಆಡಿದ ರೈಡರ್ ಮುಂದಿನ ವಾರ ಅದೇ ಊರಿನ ಎದುರು ನಿಂತಿರುತ್ತಾನೆ. ವರ್ಷವೆಲ್ಲ ಗದ್ದೆ ಬದಿಯ ಮಣ್ಣಿನಲ್ಲಿ ಬೆವರು ಸುರಿಸಿದ ಊರ ಹುಡುಗ ಮಾತ್ರ ಅಂಕಣದ ಹೊರಗೆ ಕೂತು ನೀರಿನ ಬಾಟಲಿ ಕೊಡುತ್ತಾನೆ.

ಕಟ್ಟೆಯ ಮೇಲಿನ ಹಿರಿಯರು ಇದನ್ನು ನೋಡಿ, "ರೊಕ್ಕ ಬಂತು, ಆಟ ಕೆಟ್ಟು ಹೋತು" ಅನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ರೊಕ್ಕ ಬಂದದ್ದು ತಪ್ಪಲ್ಲ. ಅದನ್ನು ಕದ್ದು ಕೊಡುವುದು ತಪ್ಪು, ಬೆಳೆಸಿದವನನ್ನು ಬಿಟ್ಟು ಒಂದು ದಿನಕ್ಕೆ ಬಂದವನಿಗಷ್ಟೇ ಕೊಡುವುದು ತಪ್ಪು.

ನಮ್ಮ ಕಡೆ ಆಟಕ್ಕೆ ಬೆಲೆ ಕಟ್ಟುವುದು ಹೊಸದೇನಲ್ಲ. ಜಾತ್ರೆಯ ಕುಸ್ತಿ ನೋಡಿ. ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಯಲ್ಲಿ ಮುಗಿಯುತ್ತದೆ. ಗೆದ್ದ ಪೈಲ್ವಾನನ ಕೈಗೆ ಸಾವಿರಾರು ಜನರ ಮುಂದೆಯೇ ಕಡಗ ಹಾಕುತ್ತಾರೆ. ಮಂದಿ ಎದ್ದು ಬಂದು ನೋಟು ಕೊಡುತ್ತಾರೆ, ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ. ಪೈಲ್ವಾನ ಬೇರೆ ಊರಿನವನಾದರೆ ಅವನ ಊರಿನ ಹೆಸರನ್ನೇ ಹೇಳುತ್ತಾರೆ. ಅಲ್ಲಿ ಮುಚ್ಚುಮರೆ ಇಲ್ಲ, ಅದಕ್ಕೇ ಯಾರೂ ಕುಸ್ತಿ ಕೆಟ್ಟಿತು ಅನ್ನಲಿಲ್ಲ.

ಕಬಡ್ಡಿಗೆ ದೊಡ್ಡ ರೊಕ್ಕ ಬಂದದ್ದು 2014ರಲ್ಲಿ, ಪ್ರೊ ಕಬಡ್ಡಿ ಲೀಗ್ ಶುರುವಾದಾಗ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತ್‌ನನ್ನು ತೆಲುಗು ಟೈಟನ್ಸ್ 2.60 ಕೋಟಿಗೂ ಹೆಚ್ಚು ಕೊಟ್ಟು ಕೊಂಡಿತು. ಒಂಬತ್ತೇ ವರ್ಷದಲ್ಲಿ ಇಪ್ಪತ್ತು ಪಟ್ಟು. ಕಬಡ್ಡಿ ಆಡಿದರೆ ಹೊಟ್ಟೆ ತುಂಬೀತೇ ಎಂದು ಗದರುತ್ತಿದ್ದ ಅಪ್ಪಂದಿರ ಬಾಯಿ ಕಟ್ಟಿದ್ದು ಈ ರೊಕ್ಕವೇ. ಅದಕ್ಕೆ ನಮ್ಮ ಸಲಾಮು.

ಅಭಿಮಾನಿಯೂ ಬದಲಾದ. 2019ರ ಜನವರಿಯಲ್ಲಿ ಇದೇ ಪವನ್ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟಾಗ ನಾವೆಲ್ಲ ಬುಲ್ಸ್ ಮಂದಿ. 2022ರಲ್ಲಿ ಅವನು ತಮಿಳ್ ತಲೈವಾಸ್‌ಗೆ ಹೋದ, ಮರುವರ್ಷ ಟೈಟನ್ಸ್‌ಗೆ. ನಮ್ಮ ಹುಡುಗರಲ್ಲಿ ಅರ್ಧ ಮಂದಿ ಬುಲ್ಸ್ ಜತೆ ಉಳಿದರು, ಇನ್ನರ್ಧ ಪವನ್ ಹಿಂದೆ ಹೋದರು. ಲೀಗ್‌ನಲ್ಲಿ ಅದು ನಡೆಯುತ್ತದೆ. ಅಲ್ಲಿ ಹರಾಜು ಟಿವಿಯಲ್ಲಿ ಬರುತ್ತದೆ, ಬೆಲೆ ಎಲ್ಲರಿಗೂ ಗೊತ್ತು. ನಮ್ಮ ಊರಲ್ಲಿ ಹರಾಜೂ ಇಲ್ಲ, ಕರಾರೂ ಇಲ್ಲ. ಇರುವುದು ರಾತ್ರಿ ಹನ್ನೊಂದಕ್ಕೆ ಬರುವ ಒಂದು ಫೋನ್ ಕರೆ.

ಇದೇ ಜಗಳ ಅಮೆರಿಕದಲ್ಲೂ ನಡೆದಿದೆ, ಕಾಲೇಜು ಫುಟ್‌ಬಾಲ್‌ನಲ್ಲಿ. ಅದು ನಾವು ಬಲ್ಲ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಮಿಶಿಗನ್ ಎಂಬ ಒಂದೇ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಟಿಕೆಟ್, ಟಿವಿ ಹಕ್ಕು, ಎಲ್ಲದರಿಂದ ರಾಶಿ ರಾಶಿ ಡಾಲರ್. ಕೋಚ್‌ಗೆ ಕೋಟಿ ಕೋಟಿ ಸಂಬಳ. ಆಡುವ ಹುಡುಗನಿಗೆ ಫೀಸು, ಊಟ, ವಸತಿ ಬಿಟ್ಟರೆ ಸಂಬಳ ಅನ್ನುವುದೇ ಇರಲಿಲ್ಲ. ಕೋರ್ಟು ಕಚೇರಿ ಹತ್ತಿದ ಮೇಲೆ 2021ರ ಜುಲೈಯಿಂದ ಹುಡುಗರು ತಮ್ಮ ಹೆಸರು, ಮುಖ ಮಾರಿ ಜಾಹೀರಾತಿನಲ್ಲಿ ಗಳಿಸಲು ದಾರಿಯಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡುವಂತಾಯಿತು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ, ನಿಷ್ಠೆ ಸತ್ತಿತು ಎಂದು ಅಲ್ಲಿನ ಅಭಿಮಾನಿಗಳೂ ಗೊಣಗುತ್ತಾರೆ. ಆದರೆ ಸ್ಟೇಡಿಯಂ ಖಾಲಿಯಾಗಿಲ್ಲ. ರೊಕ್ಕ ಬೆಳಕಿಗೆ ಬಂದರೆ ಆಟ ಸಾಯುವುದಿಲ್ಲ.

ನಮ್ಮ ರಾಜ್ಯದ ಕಾಲೇಜುಗಳಲ್ಲೂ ಆಟಗಾರನಿಗೆ ಬೆಲೆ ಇದೆ, ಅದು ನೋಟಿನ ರೂಪದಲ್ಲಿ ಇಲ್ಲ ಅಷ್ಟೆ. ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರರಿಗೆ ಉಚಿತವಾಗಿ ಓದು, ಊಟ, ವಸತಿ ಕೊಟ್ಟು ಬೆಳೆಸುತ್ತದೆ. ಅದು ಒಳ್ಳೆಯ ಕೆಲಸ. ಕೇಂದ್ರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಅಲ್ಲಿಯವರೆಗೆ ಮುಟ್ಟುವುದು ಎಲ್ಲೋ ಒಬ್ಬಿಬ್ಬರು. ಉಳಿದವರು? ಅಂತರ್‌ಕಾಲೇಜು ಪಂದ್ಯಕ್ಕೆ ರಾಯಚೂರಿಗೆ ಹೋಗಲು ಬಸ್ ಚಾರ್ಜು ಹೊಂದಿಸುವ ಹುಡುಗ, ಊರ ಜಾತ್ರೆಯಲ್ಲಿ ಹೊರಗಿನವನ ಜೇಬಿಗೆ ಹೋಗುವ ನೋಟು ನೋಡುತ್ತಾ ನಿಲ್ಲಬೇಕೇ?

ಇನ್ನು ಹುಡುಗಿಯರ ಮಾತು ಎತ್ತುವವರೇ ಇಲ್ಲ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಕರ್ನಾಟಕದವರು. ದೇಶಕ್ಕೆ ಆಡಿ ಚಿನ್ನ ಗೆದ್ದು, ಅರ್ಜುನ ಪ್ರಶಸ್ತಿ ಪಡೆದವರು. ನಮ್ಮ ಜಾತ್ರೆಯ ಕರಪತ್ರಗಳಲ್ಲಿ ಮಹಿಳಾ ಕಬಡ್ಡಿ ಎಂಬ ಸಾಲನ್ನು ಹುಡುಕಿ ನೋಡಿ.

ಮೊಣಕಾಲಿನ ಮಾತೂ ಹೇಳಲೇಬೇಕು. 2022ರಲ್ಲಿ 2.26 ಕೋಟಿಗೆ ಹೋದ ಪವನ್ ಸೀಸನ್‌ನ ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗುಳಿದ. ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ವಾಪಸ್ ಬಂದ. ನಮ್ಮ ಹುಡುಗನ ಮೊಣಕಾಲು ಹೋದರೆ ಕಮಿಟಿಯವರು ಸುಣ್ಣ ಅರಿಶಿನ ಹಚ್ಚಿಸಿ ಮನೆಗೆ ಕಳಿಸುತ್ತಾರೆ. ಆಮೇಲೆ ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವುದಕ್ಕೂ ಆಗುವುದಿಲ್ಲ.

"ಹುಡುಗರ ಕೈಗೆ ರೊಕ್ಕ ಕೊಟ್ಟರೆ ಕೆಡ್ತಾರ್ರಿ" ಅನ್ನುವವರಿದ್ದಾರೆ. ಡಿಜೆಯವನಿಗೆ ಕೊಡುತ್ತೀರಿ, ಶಾಮಿಯಾನದವನಿಗೆ ಕೊಡುತ್ತೀರಿ, ಫ್ಲೆಕ್ಸ್ ಮಾಡಿಸಿದವನಿಗೆ ಕೊಡುತ್ತೀರಿ. ಅವರು ಯಾರೂ ಕೆಡುವುದಿಲ್ಲ. ಬೆವರು ಹರಿಸಿದವನು ಮಾತ್ರ ಕೆಡುತ್ತಾನೆಯೇ?

ಆದ್ದರಿಂದ ಕಮಿಟಿಗಳಿಗೆ ನಮ್ಮ ಮಾತು ನೇರ. ಏಳರಲ್ಲಿ ಐವರು ನಿಮ್ಮ ತಾಲೂಕಿನವರೇ ಇರಲಿ, ಆಧಾರ್ ಕಾರ್ಡ್ ನೋಡಿಯೇ ಇಳಿಸಿ. ಹೊರಗಿನ ಇಬ್ಬರು ಬರಲಿ, ಅವರಿಂದ ನಮ್ಮವರು ಕಲಿಯುತ್ತಾರೆ. ಯಾರಿಗೆ ಎಷ್ಟು ಕೊಟ್ಟಿರೆಂದು ಕುಸ್ತಿಯಂತೆ ಮೈಕಿನಲ್ಲಿ ಹೇಳಿ. ಊರ ಆಟಗಾರನಿಗೂ ದಿನದ ಕೂಲಿಗೆ ಕಡಿಮೆ ಇಲ್ಲದಷ್ಟು ಕೊಡಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ಆದರೆ ಅದು ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆಸ್ಪತ್ರೆ ಖರ್ಚಿಗೆ ಪ್ರವೇಶ ಶುಲ್ಕದಲ್ಲೇ ಒಂದು ಪಾಲು ಎತ್ತಿಡಿ.

ಸರ್ಕಾರಕ್ಕೂ ಒಂದು ಮಾತು. 2025-26ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ರಸ್ತೆ, ಕಟ್ಟಡ ಆಗಲಿ. ಜತೆಗೆ ಸರ್ಕಾರಿ ಕಾಲೇಜಿನ ತಂಡದಲ್ಲಿ ಆಡುವ ಹುಡುಗ ಹುಡುಗಿಯರಿಗೆ ತಿಂಗಳ ಊಟದ ದುಡ್ಡು, ತಾಲೂಕಿಗೊಂದು ಕಬಡ್ಡಿ ಮ್ಯಾಟ್ ಅದರಲ್ಲಿ ಸೇರಲಿ. ಮಣ್ಣಿನಲ್ಲಿ ಕಲಿತವನು ಮ್ಯಾಟ್ ಮೇಲೆ ಜಾರಿ ಬೀಳುವುದನ್ನು ಇನ್ನೆಷ್ಟು ವರ್ಷ ನೋಡಬೇಕು?

ಇದನ್ನು ಓದುವ ನೀವೂ ಸುಮ್ಮನೆ ಕೂರಬೇಡಿ. ನಿಮ್ಮೂರ ಜಾತ್ರೆಗೆ ಪಟ್ಟಿ ಎತ್ತಲು ಬಂದಾಗ ರೊಕ್ಕ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನಮ್ಮ ಹುಡುಗನಿಗೆ ಎಷ್ಟು, ನಮ್ಮ ಹುಡುಗಿಗೆ ಎಷ್ಟು? ಉತ್ತರ ಬರುವವರೆಗೆ ಪಟ್ಟಿ ಕೊಡಬೇಡಿ.