ಮಂಜು ಮುಚ್ಚಿದ ದಿನ ಜೋಗ ನೋಡಿದರೆ ದಂಡವೇ?

ಪುನರ್ವಸು ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಎರಡು ಬಗೆಯ ಜನ ಆಕಾಶ ನೋಡುತ್ತಿರುತ್ತಾರೆ. ಒಬ್ಬರು ಅಡಿಕೆ ತೋಟದವರು. ಕೊಳೆರೋಗ ತಗಲುವ ಮುನ್ನ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಅರ್ಧ ದಿನವಾದರೂ ಮಳೆ ಹೊಳವಾಗಬೇಕು. ಇನ್ನೊಬ್ಬರು ವಾರದ ರಜೆಗೆ ಬೆಂಗಳೂರೋ ಹುಬ್ಬಳ್ಳಿಯೋ ಬಿಟ್ಟು ಬಂದ ಗಂಡ ಹೆಂಡತಿ. ಅವರಿಗೆ ಹತ್ತು ನಿಮಿಷದ ಹೊಳವು ಸಾಕು, ಜಲಪಾತ ಕಂಡೀತು, ಒಂದು ಫೋಟೊ ಬಂದೀತು. ತೋಟದವರು ಯಾಕೆ ಕಾಯುತ್ತಾರೆಂದು ಯಾರೂ ಕೇಳಬೇಕಿಲ್ಲ. ಪ್ರವಾಸಿ ಜೋಡಿಯ ಕಾಯುವಿಕೆಯನ್ನು ಮಾತ್ರ ಸ್ವಲ್ಪ ಕೆದಕಿ ನೋಡಬಹುದು. ನೂರಾರು ಕಿಲೋಮೀಟರ್ ಬಂದು, ಬರೀ ಮಂಜು ಕಂಡು ಹಿಂತಿರುಗಿದರೆ ಆ ಪ್ರವಾಸ ದಂಡವೇ?

ಹೌದು ಎನ್ನುವವರ ಪಕ್ಷದಲ್ಲೂ ನ್ಯಾಯವಿದೆ. ಇಬ್ಬರಿಗೂ ಒಂದೇ ಹೊತ್ತಿಗೆ ರಜೆ ಸಿಗುವುದೇ ಕಷ್ಟ. ಪೆಟ್ರೋಲು, ಹೋಂಸ್ಟೇ ಎಲ್ಲಕ್ಕೂ ದುಡ್ಡು ಸುರಿದಾಗಿರುತ್ತದೆ. ಆಗುಂಬೆಯ ಸೂರ್ಯಾಸ್ತದ ಜಾಗಕ್ಕೆ ಜುಲೈನಲ್ಲಿ ಹೋದವರಿಗೆ ಸೂರ್ಯನಿರಲಿ, ಎದುರಿನ ಕಣಿವೆಯೂ ಕಾಣದು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪು ಹಿಡಿದು, ಮೈಕೈಯೆಲ್ಲ ಅಲುಗಾಡಿಸಿಕೊಂಡು ಮೇಲೇರಿದರೆ ಪಕ್ಕದಲ್ಲಿ ನಿಂತ ಹೆಂಡತಿಯೇ ಮಸುಕು. ‘ಗಾಳಿಪಟ’ ಚಿತ್ರದಲ್ಲಿ ಮುಗಿಲುಪೇಟೆಯಾಗಿ ಕಂಡ ಗುಡ್ಡ ಅದೇ. ಸಿನಿಮಾದಲ್ಲಿ ಮುಗಿಲು ಬೇಕಾದಾಗ ಬರುತ್ತದೆ, ಬೇಡವಾದಾಗ ಸರಿಯುತ್ತದೆ. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಜೋಗಕ್ಕೂ ಇಂಥದೇ ಆಸೆಗಣ್ಣಿನವರನ್ನು ಕರೆತಂದಿತು. ಕ್ಯಾಮೆರಾಕ್ಕೆ ಕಂಡದ್ದು ತಮಗೂ ಕಾಣಲೇಬೇಕೆಂಬ ಹಟ ಅಂದಿನಿಂದ ಇಳಿದಿಲ್ಲ.

ಆದರೆ ಮಳೆಯನ್ನು ನೋಟಕ್ಕೆ ಅಡ್ಡಿಯೆಂದು ಎಣಿಸಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ. ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ನದಿಯ ಹೆಚ್ಚಿನ ನೀರು ತಳಕಳಲೆಯ ಹಾದಿ ಹಿಡಿದು ವಿದ್ಯುದಾಗಾರಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಸಿಗುವುದು ಕಪ್ಪು ಬಂಡೆ, ಅದರ ಮೇಲೆ ಒಂದೆರಡು ತೆಳು ಎಳೆ. ಅಣೆಕಟ್ಟು ತುಂಬಿ ಗೇಟು ತೆಗೆಯುವ ಭಾಗ್ಯ ಎಲ್ಲ ವರ್ಷವೂ ಇಲ್ಲ. ಹಾಗಾದರೆ ಗೇಟು ಮುಚ್ಚಿರುವಾಗಲೂ ಜುಲೈನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬುವುದು ಹೇಗೆ? ಅಣೆಕಟ್ಟಿಗೂ ಜಲಪಾತಕ್ಕೂ ನಡುವಿನ ಕೆಲವೇ ಕಿಲೋಮೀಟರಿನ ಕಾಡು, ಗುಡ್ಡ, ಹಳ್ಳಗಳ ನೀರಿನಿಂದ. ಪ್ರವಾಸಿಯ ಕೊಡೆ ತೋಯಿಸಿದ ಮಳೆಯೇ ಕೆಳಗೆ ರಾಜನಾಗಿ ಬೀಳುತ್ತಿರುತ್ತದೆ. ಮಳೆ ನಿಂತ ಮೇಲೆ ಜೋಗಕ್ಕೆ ಬರುತ್ತೇನೆ ಎನ್ನುವುದು ಒಲೆ ಆರಿದ ಮೇಲೆ ದೋಸೆ ಕೇಳಿದ ಹಾಗೆ.

ಮಂಜಿನ ಮಾತು ಬೇರೆ. ವ್ಯೂ ಪಾಯಿಂಟಿನ ಕಂಬಿಗೆ ಒರಗಿ ಒಂದೇ ಕೊಡೆಯಡಿ ನಿಂತ ಯಾವುದಾದರೂ ಜೋಡಿಯನ್ನು ಗಮನಿಸಿದರೆ ಅದು ಗೊತ್ತಾಗುತ್ತದೆ. ಗಂಡನ ಫೋನಿನಲ್ಲಿ ಪಟ್ಟಿಯಿದೆ: ಬೆಳಿಗ್ಗೆ ಕೆಳದಿ, ಇಕ್ಕೇರಿ, ಮಧ್ಯಾಹ್ನ ಜೋಗ, ಸಂಜೆಗೆ ಹೊನ್ನೆಮರಡು. “ಇದು ಇವತ್ತು ಬಿಡೋ ಮಂಜಲ್ಲ, ಹೊರಡೋಣ ಬಾರೆ” ಎನ್ನುತ್ತಾನೆ. “ಇರಿ, ಇನ್ನೊಂದು ಕಾಲು ಗಂಟೆ ನೋಡೋಣ” ಎಂದು ಅವಳು ಬೇಯಿಸಿದ ಶೇಂಗಾದ ಪೊಟ್ಟಣ ಬಿಚ್ಚುತ್ತಾಳೆ. ಎದುರಿಗೆ ಬರೀ ಬಿಳುಪು. ಅದರೊಳಗಿಂದ ಮೊರೆತ ಮಾತ್ರ ಬಿಡದೆ ಬರುತ್ತಿದೆ. ಗಾಳಿ ತಿರುಗಿದಾಗ ಮೊದಲು ಬಲಗಡೆ ರಾಣಿಯ ನೊರೆ ಕಾಣಿಸುತ್ತದೆ, ಆಮೇಲೆ ರಾಕೆಟ್ಟಿನ ಚಿಮ್ಮು, ಕೊನೆಗೆ ರೋರರ್ ಓರೆಯಾಗಿ ಇಳಿದು ಅರ್ಧದಾರಿಯಲ್ಲಿ ರಾಜನನ್ನು ಕೂಡುವ ಜಾಗ. ಗುರುತು ಪರಿಚಯವಿಲ್ಲದ ಜನರೆಲ್ಲ ಒಟ್ಟಿಗೆ ಕೇಕೆ ಹಾಕುತ್ತಾರೆ. ಫೋನು ಎತ್ತುವಷ್ಟರಲ್ಲಿ ಮತ್ತೆ ಬಿಳುಪು. ನಿಚ್ಚಳ ಬಿಸಿಲಿನಲ್ಲಿ ಒಂದೇ ನೋಟಕ್ಕೆ ಮುಗಿದುಹೋಗುವ ಜಾಗವನ್ನು ಮಂಜು ಕಂತಿನಲ್ಲಿ ಕೊಡುತ್ತದೆ. ಯಾವುದು ಎಲ್ಲಿ ಬೀಳುತ್ತದೆ ಎಂಬುದು ಕಾದವರ ನೆನಪಿನಲ್ಲಿ ಕೂರುತ್ತದೆ, ಪಟ್ಟಿಗಾಗಿ ಓಡಿದವರಿಗೆ ಹೊನ್ನೆಮರಡಿನ ದಾರಿಯ ಗುಂಡಿಗಳಷ್ಟೇ ನೆನಪಿರುತ್ತವೆ.

ಈ ಪಟ್ಟಿಯ ಹಾವಳಿ ಬರೀ ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ದೂರದಿಂದ ಕಾಣದಿದ್ದರೆ ಹತ್ತಿರ ಹೋಗೋಣ ಅನಿಸುತ್ತದೆ. ಕೊಟ್ಟ ದುಡ್ಡಿಗೆ ನೋಟ ಸಿಗಬೇಕೆಂದು ಕಂಬಿ ದಾಟುತ್ತಾರೆ, ಪಾಚಿಗಟ್ಟಿದ ಬಂಡೆ ಹತ್ತುತ್ತಾರೆ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಿಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ, ಸ್ನೇಹಿತ ವಿಡಿಯೊ ಮಾಡುತ್ತಿದ್ದಂತೆಯೇ ಜಾರಿ ನೀರುಪಾಲಾದ. ಮರುವರ್ಷ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದವರು ಹರಿವಿನ ನಡುವೆ ಸಿಕ್ಕಿ, ಒಬ್ಬರನ್ನೊಬ್ಬರು ಅಪ್ಪಿಕೊಂಡೇ ಕೊಚ್ಚಿಹೋದರು. ನೋಡುನೋಡುತ್ತ ನೀರು ಏರುವುದಕ್ಕೆ ಕಾರಣವುಂಟು. ಕಡಲ ಕಡೆಯಿಂದ ಬಂದ ಗಾಳಿ ಘಟ್ಟ ಏರುವಾಗ ತಣಿದು ನೀರು ಸುರಿಸುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಲ್ಲ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿದ ಮಳೆ, ಬಯಲಿನ ಚಿತ್ರದುರ್ಗಕ್ಕೆ ಅದರ ಹತ್ತನೆಯ ಒಂದು ಪಾಲೂ ಕಷ್ಟ. ಕೆಳಗಿನ ಗುಂಡಿಯಲ್ಲಿ ಕಾಲಾಡಿಸುವವರಿಗೆ ಹನಿಯೂ ಬೀಳದೆ ಇರಬಹುದು, ಮೇಲಿನ ಗುಡ್ಡದಲ್ಲಿ ಆಗಲೇ ಹೊಯ್ದಿರುತ್ತದೆ. ನೀರು ಕೆಂಪಾಗಿ, ತರಗೆಲೆ ಕಡ್ಡಿ ತೇಲಿ ಬಂತೆಂದರೆ ಊರಿನವರು ಮೊದಲು ದಡ ಹತ್ತುತ್ತಾರೆ.

ಆಡಳಿತಕ್ಕೆ ಗೊತ್ತಿರುವ ಸುಲಭದ ಉತ್ತರ ನಿಷೇಧ. ಅದರ ಮೊಂಡುತನವೂ ಕಾಣದೆ ಇಲ್ಲ. ದೂಧಸಾಗರದಲ್ಲಿ 2023ರ ಜುಲೈನಲ್ಲಿ ಹಳಿಯ ಮೇಲೆ ನಡೆದು ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಜಲಪಾತವನ್ನು ರೈಲಿನೊಳಗಿಂದಲೇ ನೋಡಿ ಎಂದು ನೈಋತ್ಯ ರೈಲ್ವೆ ಕೇಳಿಕೊಂಡಿತು. ಬಸ್ಕಿಯಲ್ಲಿ ವಿವೇಕವಿರಲಿಲ್ಲ, ರೈಲಿನ ಸಲಹೆಯಲ್ಲಿ ಖಂಡಿತ ಇದೆ. ಕ್ಯಾಸಲ್‌ರಾಕ್ ದಾಟಿ ಸುರಂಗಗಳ ನಡುವೆ ಇಳಿಯುವ ಗಾಡಿಯ ಕಿಟಕಿಯಲ್ಲಿ ಹಾಲಿನಂಥ ನೀರು ಕ್ಷಣಹೊತ್ತು ಕಂಡು ಮರೆಯಾಗುವುದೇನು ಕಡಿಮೆ ಸುಖವಲ್ಲ. ಕುಮಾರಪರ್ವತದ್ದು ಇನ್ನೂ ಒಳ್ಳೆಯ ಉದಾಹರಣೆ. 2024ರ ಜನವರಿ ಕೊನೆಯ ರಜೆಗಳಲ್ಲಿ ಅಲ್ಲಿ ಜಾತ್ರೆ ನೆರೆದಾಗ ಅರಣ್ಯ ಇಲಾಖೆ ಮೊದಲು ಚಾರಣ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್ ತಂದು ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಬೆಟ್ಟವೂ ಉಳಿಯಿತು, ಹತ್ತುವವರ ಹಕ್ಕೂ ಉಳಿಯಿತು. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಕಂಡಲ್ಲಿ ಗಾಡಿ ನಿಲ್ಲಿಸಬೇಡಿ ಎಂದಾಗ ಗೊಣಗುವ ಜೋಡಿಗಳಿವೆ. ಉದ್ಯಾನವೆಂದರೆ ಲಾಲ್‌ಬಾಗ್ ಎಂಬ ಅಭ್ಯಾಸವದು. ಹುಲ್ಲುಗಾವಲೂ ಶೋಲಾ ಕಾಡೂ ಮಳೆ ಹೀರಿ ತುಂಗಭದ್ರೆಯರಿಗೆ ಉಣಿಸುವ ಆ ಗುಡ್ಡಗಳಲ್ಲಿ ಅದಿರು ಅಗೆಯುವುದನ್ನು ನಿಲ್ಲಿಸಲು 2005ರ ಕೊನೆಯವರೆಗೆ ಹೋರಾಡಬೇಕಾಯಿತು. ಕಾರಿನ ಗಾಜು ಇಳಿಸಿ ನಿಧಾನಕ್ಕೆ ಸಾಗುವುದೇ ಅಲ್ಲಿ ಪ್ರವಾಸ.

ಎರಡೇ ದಿನದ ರಜೆಯವರಿಗೆ ಇದೆಲ್ಲ ಉಪದೇಶವಾಗಿ ಕೇಳಿಸೀತು. ಆದರೆ ಪಟ್ಟಿ ಚಿಕ್ಕದಾಗಬೇಕಿರುವುದು ಮುಖ್ಯವಾಗಿ ಅವರದೇ. ಮಳೆಯಲ್ಲಿ ಘಟ್ಟದ ದಾರಿಗೆ ದುಪ್ಪಟ್ಟು ಹೊತ್ತು ಬೇಕು, ಐದು ಜಾಗದ ಹಂಬಲದಲ್ಲಿ ದಿನದ ಮುಕ್ಕಾಲು ಪಾಲು ವೈಪರ್ ನೋಡುವುದರಲ್ಲೇ ಕಳೆಯುತ್ತದೆ. ಒಂದು ಜಾಗ, ಒಂದು ಊಟ, ಸಾಕಷ್ಟು ಒಣಬಟ್ಟೆ, ಇಂಬಳಕ್ಕೆ ಒಂದಿಷ್ಟು ಸುಣ್ಣ ಇಟ್ಟುಕೊಂಡು ಹೊರಟರೆ ಮಂಜಿನ ಎದುರು ಎರಡು ಗಂಟೆ ನಿಲ್ಲಲು ಬಿಡುವಿರುತ್ತದೆ. ಸರ್ಕಾರಕ್ಕೂ ಇದರಲ್ಲಿ ಪಾಲಿದೆ. ಯಾವ ಜಲಪಾತ ಎಷ್ಟು ಕಿಲೋಮೀಟರ್ ಎಂದು ಬರೆದ ಫಲಕಗಳ ಪಕ್ಕದಲ್ಲೇ ಇಂದು ಮೇಲೆ ಎಷ್ಟು ಮಳೆಯಾಗಿದೆ, ಯಾವ ಮೆಟ್ಟಿಲು ಮುಚ್ಚಿದೆ, ಮಂಜು ಬೆಳಿಗ್ಗೆಯಿಂದ ಎಷ್ಟು ಸಲ ಸರಿದಿದೆ ಎಂದು ಸೀಮೆಸುಣ್ಣದಲ್ಲಿ ಬರೆದಿಡುವ ಒಂದು ಕರಿಹಲಗೆಯನ್ನು ಸಾಗರದ ಬಸ್ ನಿಲ್ದಾಣದಿಂದಲೇ ಶುರುಮಾಡಬಹುದು.